ಬದುಕಿರುವ ನಾಲಿಗೆಗೆ ಮಾತು ಕಲಿಸುವವರು ಯಾರು?

ಆಸ್ಪತ್ರೆಯ ಮುಖ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆ ನನ್ನ ಗಂಡನಿಗೆ ಹೊಸ ನಾಲಿಗೆ ಕೊಟ್ಟಿತು. ಅದನ್ನು ಬಳಸುವುದು ಹೇಗೆಂದು ಕಲಿಸಲು ಯಾರನ್ನೂ ಇಟ್ಟಿಲ್ಲ. ನನ್ನ ದೂರು ಇಷ್ಟೇ. ಮೊನ್ನೆ ನಿಮ್ಮ ಬಾಗಿಲಲ್ಲೇ ಹೊಸ ಫಲಕ ಕಂಡೆ: ‘ಬಾಯಿ ಕ್ಯಾನ್ಸರ್ ಪುನರ್‌ರಚನೆಯಲ್ಲಿ ಅಪೂರ್ವ ಯಶಸ್ಸು’. ಆ ಯಶಸ್ಸಿನಲ್ಲಿ ನಮ್ಮವರೂ ಸೇರಿದ್ದಾರಂತೆ. ಅವರಿಗೆ ಮಾತ್ರ ಅದು ಇನ್ನೂ ಗೊತ್ತಾಗಿಲ್ಲ.

ಶಸ್ತ್ರವೈದ್ಯರ ಮೇಲೆ ನನಗೆ ಮುನಿಸಿಲ್ಲ. ಕ್ಯಾನ್ಸರ್ ತಿಂದ ಅರ್ಧ ನಾಲಿಗೆಯನ್ನು ತೆಗೆದು, ಮುಂಗೈಯ ಚರ್ಮವನ್ನು ರಕ್ತನಾಳಗಳ ಸಮೇತ ಎತ್ತಿ ಬಾಯಿಗೆ ಕೂರಿಸಿ, ಆ ನಾಳಗಳನ್ನು ಕತ್ತಿನ ನಾಳಗಳಿಗೆ ಹೊಲಿದರು. ಆ ಕೈಗಳಿಗೆ ಇಂದಿಗೂ ನಮಸ್ಕಾರ. ನನ್ನ ಜಗಳ ಅದರ ನಂತರದ್ದು. ತಪಾಸಣೆಗೆ ಹೋದಾಗಲೆಲ್ಲ ಕಿರಿಯ ವೈದ್ಯರು ಬಾಯಿಗೆ ಟಾರ್ಚ್ ಬಿಟ್ಟು, “ಬಣ್ಣ ಚೆನ್ನಾಗಿದೆ. ಫ್ಲಾಪ್ ಬದುಕಿದೆ” ಎನ್ನುತ್ತಿದ್ದರು. ಕೂರಿಸಿದ ಆ ಚರ್ಮಕ್ಕೆ ನಿಮ್ಮಲ್ಲಿ ಫ್ಲಾಪ್ ಎಂದು ಹೆಸರು.

“ಅದು ಬದುಕಿದೆ ಡಾಕ್ಟ್ರೇ, ಸಂತೋಷ. ಇವ್ರು ನೀರು ಕುಡಿದ್ರೆ ಉಸಿರು ಕಟ್ಟೋ ಹಾಗೆ ಕೆಮ್ತಾರೆ. ಮಾತಾಡಿದ್ರೆ ನಂಗೇ ಅರ್ಥ ಆಗಲ್ಲ.”

“ಅದು ನಮ್ದಲ್ಲಮ್ಮ. ಮಾತು, ನುಂಗೋದು ಎಲ್ಲ ಕಾರಿಡಾರ್ ಕೊನೇ ರೂಮು.”

ಕೊನೆಯ ಕೋಣೆಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಗಾಲಿ ಮುರಿದ ಕುರ್ಚಿಗಳು. ನೆಲ ಒರೆಸುತ್ತಿದ್ದಾಕೆ, “ಮಾತು ಕಲಿಸೋ ಮೇಡಮ್ಮು ಬಿಟ್ಟು ಹೋಗಿ ಎಷ್ಟೋ ಕಾಲ ಆಯ್ತಕ್ಕ, ಬೇರೆಯವ್ರು ಬಂದೇ ಇಲ್ಲ” ಎಂದಳು. ಕುರ್ಚಿಗಳಿಂದ ಉಚ್ಚಾರಣೆ ಕಲಿಯಬೇಕಿತ್ತೇ, ಮಾನ್ಯರೇ?

ಕೆಲವೇ ವಾರಗಳಲ್ಲಿ, ಕುಡಿದದ್ದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಯಿತು. ಮತ್ತೆ ನಿಮ್ಮಲ್ಲಿಗೇ ತಂದೆವು, ಬೇರೆ ವಾರ್ಡಿಗೆ. ಜ್ವರದಲ್ಲಿ ಕುದಿಯುತ್ತಿದ್ದವರ ಬಾಯಿ ನೋಡಿ ಅಲ್ಲಿಯೂ ಒಬ್ಬರು ಫ್ಲಾಪನ್ನು ಹೊಗಳಿ ಹೋದರು!

ನಮ್ಮವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅರ್ಧ ಊರಿಗೆ ಕಾರು ಕಲಿಸಿದವರು; ಗದರಿಸುತ್ತಲೇ ನಗಿಸುವ ಬಾಯಿ. ಚೇತರಿಸಿಕೊಂಡು ಕೆಲಸಕ್ಕೆ ಹೋದ ಮೊದಲ ದಿನ ಸ್ಟೀರಿಂಗ್ ಹಿಡಿದದ್ದು ಕಾರು ಕಲಿಯಲು ಬಂದ ಒಬ್ಬ ನರ್ಸಮ್ಮ. ಇವರು “ಎಡಕ್ಕೆ” ಎಂದರು.

“ಏನಂದ್ರಿ ಸಾರ್?”

ಮತ್ತೆ ಕೂಗಿದರು. ಗಾಬರಿಯಲ್ಲಿ ಆಕೆ ಬಲಕ್ಕೆ ಎಳೆದರು. ಇವರು ತಮ್ಮ ಕಡೆಯ ಬ್ರೇಕ್ ತುಳಿದದ್ದರಿಂದ ಕಾರು ಗೋಡೆಗೆ ಮೂತಿ ತಾಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. “ತಪ್ಪಾಯ್ತು ಸಾರ್” ಎಂದು ಆಕೆ ಅತ್ತರಂತೆ. “ತಪ್ಪು ನಿಮ್ದಲ್ಲಮ್ಮ” ಎಂದು ಇವರು ಹೇಳಿದ್ದೂ ಆಕೆಗೆ ತಿಳಿಯಲಿಲ್ಲ. ಸ್ಕೂಲಿನ ಮಾಲೀಕರ ಕೈಗೆ ಕೀಲಿ ಇಟ್ಟು ಮನೆಗೆ ನಡೆದು ಬಂದರು. ಈಗ ಫೋನ್ ಬಂದರೆ ನನ್ನತ್ತ ತಳ್ಳುತ್ತಾರೆ. ನೆಂಟರ ಚಪ್ಪಲಿ ಸದ್ದಾದರೆ ಒಳಕೋಣೆ ಸೇರುತ್ತಾರೆ.

ಚರ್ಮ ಬದುಕಿದರೆ ಯಶಸ್ಸು ಎನ್ನುವುದಾದರೆ, ಚರ್ಮ ಹೊತ್ತ ಮನುಷ್ಯನನ್ನು ವಿಚಾರಿಸುವುದು ಯಾವ ವಿಭಾಗ? ಉಂಡರೇ, ಮಾತಾಡಿದರೇ ಎಂದು ಕೇಳದ ಯಶಸ್ಸು ಯಾರದು?

ಆ ಕೋಣೆಯ ಬೀಗ ತೆಗೆಸಿ. ನುಂಗಲು, ಮಾತಾಡಲು ಕಲಿಸುವವರನ್ನು ನೇಮಿಸಿ. ಅಲ್ಲಿಯವರೆಗೆ ಫಲಕ ಇಳಿಸಿ. ಅದೂ ಕಷ್ಟವೆಂದರೆ, ನಮ್ಮವರಿಗೆ ನಿಮ್ಮೆದುರು ಕೂರಲು ಒಂದು ಬೆಳಗ್ಗೆ ಸಮಯ ಕೊಡಿ. ಹೇಳಬೇಕಾದ್ದನ್ನು ಅವರೇ ಹೇಳುತ್ತಾರೆ. ಅರ್ಥವಾಗುವ ತನಕ ನೀವು ಏಳಬಾರದು. ನಾನು ನಡುವೆ ಬಾಯಿ ಹಾಕುವುದಿಲ್ಲ.

ಇಂತಿ,
ನಿಮ್ಮ ಲೆಕ್ಕದಲ್ಲಿ ಗೆದ್ದವರೊಬ್ಬರ ಹೆಂಡತಿ