ತೆಂಕಣ ಬಾಗಿಲು ತಟ್ಟಿದ ಸಂಚಿಕೆ

ಮಗಳೇ ಗಿರಿಜಾ,

ನೀನು ಕೊನೆಯ ಸಲ ಅಟ್ಟದಿಂದ ಇಳಿದು ಬಂದ ಮಧ್ಯಾಹ್ನ ನನ್ನ ಮುಂದೊಂದು ಪ್ರಶ್ನೆ ಇಟ್ಟಿದ್ದೆ. ಕೂದಲ ತುಂಬ ತೆಂಗಿನ ನಾರು, ಕೈಯಲ್ಲಿ ಆ ತಿಂಗಳ 'ನಾಲ್ಕು ದಿಕ್ಕಿನ ಪಡೆ' ಕಾಮಿಕ್ಸು. "ಅಪ್ಪಾಜಿ, ಬಾಗಿಲು ತೆಗೀಬೇಕೋ, ತೆಗೀಬಾರ್ದೋ? ಒಂದು ಪಕ್ಷ ಹಿಡೀರಿ" ಎಂದೆ. ತೆಗೆಯಬಾರದು ಎಂಬ ಪಕ್ಷವನ್ನು ನಾನು ಹಿಡಿದೆ. ಮುಂದಿನ ಸಂಚಿಕೆ ಬಂದ ದಿನ ತೀರ್ಪು ಎಂದು ನಿಯಮ ಮಾಡಿದವಳು ನೀನೇ. ಆ ಸಂಚಿಕೆ ಬಂದಿದೆ. ಅದನ್ನು ತಿಳಿಸಲೆಂದೇ ಈ ಕಾಗದ. ವಿಳಾಸದ ಜಾಗದಲ್ಲಿ ಏನು ಬರೆಯಬೇಕೆಂದು ಮಾತ್ರ...

ಆ ಪಡೆಯನ್ನು ನೀನು ಮೊದಲು ಕಂಡದ್ದು ಮೂರನೆಯ ಕ್ಲಾಸಿನಲ್ಲಿದ್ದಾಗ, ತಿಪಟೂರಿನ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ. ದಾರಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟಿದ್ದ ಕಾಮಿಕ್ಸುಗಳ ಕೆಳಗೆ ನಿಂತವಳು ನೊಣವಿನಕೆರೆ ಬಸ್ಸು ಹೊರಟರೂ ಕದಲಲಿಲ್ಲ. ಮೂಡಣನ ಅಂಗೈಯಲ್ಲಿ ಬೆಳಕು; ಪಡುವಣನ ತೋಳಿನಲ್ಲಿ ಆನೆಯ ಬಲ; ಬಡಗಣ ಉಸಿರು ಬಿಟ್ಟರೆ ಕೆರೆ ಹೆಪ್ಪುಗಟ್ಟುತ್ತದೆ. ನಾಲ್ಕನೆಯವಳು ತೆಂಕಣ, ಗುಂಪಿನಲ್ಲಿ ಒಬ್ಬಳೇ ಹುಡುಗಿ, ನೀರಿನಲ್ಲಿ ನಡೆದಂತೆ ಗೋಡೆಯಲ್ಲಿ ನಡೆಯುವವಳು. ನಿನಗೆ ಅವಳೇ ಬೇಕಾಗಿತ್ತು. "ಗೋಡೆ ದಾಟುವುದೂ ಒಂದು ಶೌರ್ಯವೇ?" ಎಂದು ನಾನು ಮುಂದಿನ ಬಸ್ಸಿನಲ್ಲಿ ಕೇಳಿದರೆ, "ನೀವು ಒಂದ್ಸಲ ದಾಟಿ ತೋರ್ಸಿ, ಆಮೇಲೆ ಮಾತಾಡೋಣ" ಎಂದು ಪುಟ ತಿರುವಿದೆ. ತುಮಕೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪು ಗೆದ್ದ ನನಗೆ ಅಂಥ ನೇರವಾದ ಉತ್ತರವನ್ನು ಎದುರು ಪಕ್ಷದ ಯಾರೂ ಕೊಟ್ಟಿರಲಿಲ್ಲ.

ಮೂಕ ಸಂಚಿಕೆ ಬಂದ ಭಾನುವಾರ ನೆನಪಿದೆಯೇ? ನೀನು ಸಂಚಿಕೆಗಳನ್ನು ಅಂಕಿಯಿಂದ ಗುರುತಿಸುತ್ತಿರಲಿಲ್ಲ, ಒಂದೊಂದಕ್ಕೂ ಹೆಸರಿಟ್ಟಿದ್ದೆ. ಅದರಲ್ಲಿ ಒಬ್ಬ ಮಾಯಾವಿ ಇಡೀ ಊರಿನ ಸದ್ದನ್ನು ಮಡಕೆಯಲ್ಲಿ ತುಂಬಿ ಬಾಯಿ ಕಟ್ಟಿಟ್ಟಿರುತ್ತಾನೆ. ಜನ ಬಾಯಿ ತೆರೆಯುತ್ತಾರೆ. ಮಾತು ಬರೆಯುವ ಬಿಳಿಯ ಗುಳ್ಳೆಗಳೆಲ್ಲ ಖಾಲಿ. ಮುದ್ರಣಾಲಯದವರು ಅಕ್ಷರ ಜೋಡಿಸಲು ಮರೆತಿದ್ದಾರೆ ಎಂದು ನಾನು ಹೇಳಿದೆ. "ನೀವು ಆ ಊರಲ್ಲಿ ಹುಟ್ಟಿದ್ರೆ ಕಪ್ಪು ಹೆಂಗೆ ಗೆಲ್ತಿದ್ರಿ ಅಪ್ಪಾಜಿ?" ಎಂದೆ ನೀನು. ಒಳಗೆ ನಿನ್ನ ಅವ್ವ ನಕ್ಕ ನಗೆಗೆ ಸೌಟು ಕೈಯಿಂದ ಬಿತ್ತು. ನೀನು ಹೋದ ಮೇಲೆ ಕಂದಿಕೆರೆಯಿಂದ, ದಂಡಿನಶಿವರದಿಂದ ಬಂಧುಗಳು ಬಂದು ಜಗಲಿಯ ಮೇಲೆ ಕುಳಿತರು. ಅವರ ತುಟಿಗಳು ಅಲ್ಲಾಡುತ್ತಿದ್ದವು. ಪ್ರತಿಯೊಬ್ಬರ ತಲೆಯ ಮೇಲೂ ಒಂದೊಂದು ಖಾಲಿ ಗುಳ್ಳೆ ನನಗೆ ಕಾಣುತ್ತಿತ್ತು. ಆ ಸಂಚಿಕೆಯ ಬಗ್ಗೆ ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಕಟ್ಟೆಯ ಸಂಚಿಕೆ ಓದಿದ ದಿನ ನೀನು ಊಟ ಮಾಡಲಿಲ್ಲ. ಬಿರುಕು ಬಿಟ್ಟ ಅಣೆಕಟ್ಟಿನ ಗೋಡೆಯೊಳಗೆ ತೆಂಕಣ ಹೊಕ್ಕು, ಆ ಬಿರುಕನ್ನು ತನ್ನ ಮೈಯಿಂದಲೇ ತುಂಬಿ ನಿಲ್ಲುತ್ತಾಳೆ. ಕೆಳಗಿನ ಊರುಗಳು ಉಳಿಯುತ್ತವೆ. ಅವಳು ಹೊರಗೆ ಬರುವುದಿಲ್ಲ. ಕೊನೆಯ ಚಿತ್ರದಲ್ಲಿ ಒಣಗಿದ ಗೋಡೆಯ ಮೇಲೆ ಒದ್ದೆಯಾದ ಒಂದು ಅಂಗೈ ಗುರುತು, ಅಷ್ಟೆ. ನಿನ್ನನ್ನು ಸಮಾಧಾನ ಮಾಡಲೆಂದು ನಾನು ವಾದ ಹೂಡಿದೆ: ಈ ಪುಸ್ತಕಗಳಲ್ಲಿ ಯಾರೂ ನಿಜವಾಗಿ ಸಾಯುವುದಿಲ್ಲ, ಪಡುವಣ ಹಿಂದೊಮ್ಮೆ ಸತ್ತು ಎದ್ದು ಬರಲಿಲ್ಲವೇ? ಹಿಂದಕ್ಕೆ ಪಡೆಯಬಹುದಾದ ಸಾವು ಸಾವೇ ಅಲ್ಲ, ಆದ್ದರಿಂದ ಅದು ತ್ಯಾಗವೂ ಅಲ್ಲ. ನೀನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದೆ: "ವಾಪಸ್ ಬರೋರು ಹೋದೋರೇ ಆಗಿರಲ್ಲ ಅಪ್ಪಾಜಿ. ಹೋಗೋಳು ಒಬ್ಳು, ಬರೋಳು ಇನ್ನೊಬ್ಳು. ಒಳಗಿರೋರು ಅವಳಿಗೆ ಜಾಗ ಬಿಡ್ತಾರೋ ಇಲ್ವೋ, ಅದೇ ಕಥೆ." ನಾನು ಚೊಂಬೆತ್ತಿ ನೀರು ಕುಡಿದೆ. ವೇದಿಕೆಯ ಮೇಲೆ ಉತ್ತರ ಹೊಳೆಯದಾಗ ನಾವು ಮಾಡುತ್ತಿದ್ದುದು ಅದನ್ನೇ. "ನೀರು ಕುಡಿದ್ರೆ ಇಲ್ಲಿ ಟೈಮ್ ಕೊಡಲ್ಲ" ಎಂದೆ ನೀನು.

ಬಾಗಿಲ ಸಂಚಿಕೆಯ ಹೊತ್ತಿಗೆ ನೀನು ಪಿಯುಸಿಗೆ ಸೇರಿದ್ದೆ. ಕೊಬ್ಬರಿಗೆಂದು ನಮ್ಮ ಅಟ್ಟಕ್ಕೆ ಆ ವರ್ಷದ ತೆಂಗಿನಕಾಯಿ ಏರಿಸುವ ಕೆಲಸ ಮುಗಿದಿತ್ತು. ಕೆಳಗಿನಿಂದ ಆಳುಗಳು ಎಸೆದದ್ದನ್ನು ಹಿಡಿದು ಜೋಡಿಸಿದವಳು ನೀನೇ. ಗಾಜಿನ ಹೆಂಚಿನ ಕೆಳಗೆ ಮಾತ್ರ ಒಬ್ಬರು ಕೂರುವಷ್ಟು ಜಾಗ ಉಳಿಸಿಕೊಂಡಿದ್ದೆ. ನಡು ಮಧ್ಯಾಹ್ನ ಅಲ್ಲಿಗೆ ಬಿಸಿಲಿನ ಕಂಬ ಇಳಿಯುತ್ತದೆ, ಓದುವುದಕ್ಕೆ ಅದೇ ಹೊತ್ತು. ಆ ಸಂಚಿಕೆಯಲ್ಲಿ ಜಗಳವಿಲ್ಲ, ಖಳನಿಲ್ಲ. ಉಳಿದ ಮೂವರು ಮನೆಯಲ್ಲಿ ಕುಳಿತಿರುವಾಗ ಉರಿಬಿಸಿಲಿನಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ. "ನಾನು ತೆಂಕಣ. ಬಾಗಿಲು ತೆಗೆಯಿರಿ." ಗೋಡೆ ದಾಟಬಲ್ಲವಳು ಬಾಗಿಲನ್ನು ಏಕೆ ತಟ್ಟುತ್ತಾಳೆ ಎಂಬುದು ನನ್ನ ವಾದದ ಮುಖ್ಯ ಅಂಶವಾಗಿತ್ತು. "ಅವಳು ಬರಬಲ್ಲಳು ಅಪ್ಪಾಜಿ, ಆದ್ರೂ ಕೇಳ್ತಾವ್ಳೆ. ಅದಕ್ಕೇ ತೆಗೀಬೇಕು" ಎಂಬುದು ನಿನ್ನದು. ನೀನು ಸೋತರೆ ಕಾಯಿ ಇಳಿಸುವ ದಿನ ಒಂದು ಮಾತೂ ಗೊಣಗದೆ ಕೆಲಸ ಮಾಡಬೇಕು. ನಾನು ಸೋತರೆ? "ಅಟ್ಟ ಹತ್ತಿ, ನನ್ನ ಜಾಗದಲ್ಲಿ ಕೂತು, ಕೆಳಗೆ ಅವ್ವಂಗೆ ಕೇಳೋ ಹಂಗೆ ಪೂರ್ತಿ ಓದ್ಬೇಕು. ಎಲ್ಲಾರ ದನೀಲೂ." ತೆಂಕಣಳ ದನಿಯಲ್ಲೂ? "ಅವಳ್ದೇ ಮುಖ್ಯ."

ಕಾಗದದ ಅಭಾವವೆಂದು ಆ ಪತ್ರಿಕೆ ಮರುತಿಂಗಳೇ ನಿಂತುಹೋಯಿತು. ನೀನು ಕಾಲೇಜಿನಿಂದ ಬರುವಾಗಲೆಲ್ಲ ಅಂಗಡಿಯಲ್ಲಿ ವಿಚಾರಿಸಿ ಬರುತ್ತಿದ್ದೆ. ಕಾರ್ತಿಕದಲ್ಲಿ ನಿನಗೆ ಜ್ವರ ಬಂತು, ಮೆದುಳಿಗೆ ಏರಿತು. ಆಮೇಲಿನದು ನಿನಗೆ ಗೊತ್ತಿದೆಯೋ ಇಲ್ಲವೋ, ನನಗೆ ಅದನ್ನು ಬರೆಯಲು... ಕರ್ಮಗಳೆಲ್ಲ ಮುಗಿದ ಮೇಲೆ ಏಣಿ ಹತ್ತಿ ಅಟ್ಟದ ಹಲಗೆಬಾಗಿಲಿಗೆ ಚಿಲಕ ಹಾಕಿದೆ. ಬೆಕ್ಕು ಬರುತ್ತದೆ ಎಂದು ಕಾರಣ ಹೇಳಿದೆ. "ಬೆಕ್ಕು ಬರದಂಗೆ ಹಾಕಿದ್ರೋ, ಇನ್ನೇನು ಬರದಂಗೋ" ಎಂದಳು ನಿನ್ನ ಅವ್ವ.

ಕಾಯಿ ಕೊಬ್ಬರಿಯಾಗಿದೆಯೇ ಎಂದು ನೀನು ನೋಡುತ್ತಿದ್ದ ರೀತಿ ನನ್ನ ಕಣ್ಣಿಗೆ ಕಟ್ಟಿದೆ. ಒಂದೊಂದನ್ನೇ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದೆ. ಹೊಸತರಲ್ಲಿ ನೀರಿನ ಸದ್ದು. ತಿಂಗಳುಗಳು ಕಳೆದು ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾದ ಮೇಲೆ, ಒಳಗಿನಿಂದ ಯಾರೋ ಬೆರಳ ಗೆಣ್ಣಿನಿಂದ ಕುಟ್ಟಿದ ಹಾಗೆ ಟಕ್ ಟಕ್. ಈ ಶ್ರಾವಣ ಕಳೆದ ಮೇಲೆ ಆ ಸದ್ದು ಮೇಲಿನಿಂದ ಬರತೊಡಗಿತು. ಮಧ್ಯಾಹ್ನ, ಬಿಸಿಲು ಗಾಜಿನ ಹೆಂಚಿಗೆ ಬರುವ ಹೊತ್ತಿಗೆ. ಟಕ್ ಟಕ್. ಸ್ವಲ್ಪ ಬಿಡುವು. ಮತ್ತೆ ಇನ್ನೊಂದು ಕಾಯಿ. ಇಲಿ ಓಡಿದರೆ ಕಾಯಿ ಉರುಳಬಹುದು, ಒಣಗಿ ಹಗುರಾದ ರಾಶಿ ಜಾರಬಹುದು. ಆದರೆ ಉರುಳಿದ ಸದ್ದಿಗೂ ಕೈಯಲ್ಲಿ ಹಿಡಿದು ಅಲುಗಿಸಿದ ಸದ್ದಿಗೂ ಇರುವ ವ್ಯತ್ಯಾಸ ಈ ಸೀಮೆಯಲ್ಲಿ ಹುಟ್ಟಿದವನಿಗೆ ತಿಳಿಯದೇ?

ಒಂದು ದಿನ ಹಾಗೆ ಸದ್ದಾಗುವಾಗ ನಿನ್ನ ಅವ್ವ ಮುದ್ದೆ ಕಟ್ಟುತ್ತಿದ್ದಳು. ಕೈ ನಿಲ್ಲಿಸಿ ಮೇಲೆ ನೋಡಿದಳು.

"ಕೇಳಿಸ್ತಾ?"

"ಇಲಿ," ಎಂದೆ.

"ಇಲಿ ಅಂತೆ ಇಲಿ. ಕೊಬ್ಬರಿ ಆಗ್ಯದೆ ಕಣ್ರೀ. ಹಿಂಗೇ ಬಿಟ್ರೆ ಹುಳ ಬೀಳ್ತದೆ. ಬಾಗ್ಲು ತೆಗೀರಿ."

"ನೋಡೋಣ."

"ಏನು ನೋಡೋದು? ಕಾಯಿ ಹೋದ್ರೆ ಹೋಗ್ಲಿ ಬುಡಿ. ಅದು ತಟ್ತಾ ಕೂತದಲ್ಲ, ಅದಕ್ಕಾದ್ರೂ ತೆಗೀರಿ."

ಅವಳು 'ಅದು' ಎಂದದ್ದು ಯಾವುದನ್ನೆಂದು ನಾನು ಕೇಳಲಿಲ್ಲ. ನನ್ನ ಭಯ ಅವಳು ತಿಳಿದಂಥದಾಗಿರಲಿಲ್ಲ. ಚಿಲಕ ಹಾಕಿರುವವರೆಗೆ ಅಟ್ಟದ ಮೇಲೆ ನೀನು ಇರಬಹುದು. ತೆಗೆದರೆ, ಅಲ್ಲಿ ಯಾರೂ ಇಲ್ಲವೆಂಬುದು ಸಾಬೀತಾಗುತ್ತದೆ. ಆ ತೀರ್ಪನ್ನು ಯಾವ ತಂದೆ ತಾನಾಗಿ ಕೇಳಿ ಪಡೆಯುತ್ತಾನೆ?

ಕಳೆದ ವಾರ ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಪುಸ್ತಕದಂಗಡಿಯ ಪುಟ್ಟಸ್ವಾಮಿ ನನ್ನನ್ನು ಕೂಗಿದ. "ಬನ್ನಿ ಬುದ್ಧಿ, ಎಲ್ಲಿ ನಿಮ್ಮುಡ್ಗಿ? ಅದರ ಪುಸ್ತಕ ಮತ್ತೆ ಶುರುವಾಗೈತೆ. ಒಂದು ಎತ್ತಿಟ್ಟಿವ್ನಿ." ಅವನಿಗೆ ಸುದ್ದಿ ತಲುಪಿರಲಿಲ್ಲ. "ಹೋದ ಸೋಮವಾರಾನೂ ಬಂದು ಕೇಳ್ತು ಕಣ್ರೀ. ನಾಳೆ ನಾಡಿದ್ದು ಬತ್ತದೆ ಕಣವ್ವ ಅಂದೆ. ಒಂದು ಗಳಿಗೆ ಹಂಗೇ ನಿಂತಿದ್ದು ಹೋಯ್ತು."

"ಹೋದ ಸೋಮವಾರವೇ? ಸರಿಯಾಗಿ ನೆನಪಿದೆಯೇ?"

"ಇಲ್ದೆ ಏನು? ತಲೆ ತುಂಬಾ ನಾರಿತ್ತಲ್ಲ. ಏನವ್ವಾ, ಕಾಯಿ ಜೋಡಿಸ್ತಿದ್ಯಾ ಅಂತ ನಾನೇ ನಕ್ಕೆ."

ಜಡೆಗೆ ರಿಬ್ಬನ್ ಕಟ್ಟಿದ ಎಷ್ಟು ಹುಡುಗಿಯರು ಆ ಅಂಗಡಿಯ ಮುಂದೆ ಹಾದುಹೋಗುವುದಿಲ್ಲ? ನಮ್ಮ ಸುತ್ತಿನಲ್ಲಿ ಅಟ್ಟವಿಲ್ಲದ ಮನೆ ಯಾವುದು, ನಾರು ಮೆತ್ತದ ತಲೆ ಯಾವುದು? ಇಂಥ ಸಾಕ್ಷಿಯನ್ನು ಎರಡೇ ಪ್ರಶ್ನೆಯಲ್ಲಿ ಕೆಡವುವುದು ನನಗೆ ಕಷ್ಟವಾಗಿರಲಿಲ್ಲ. ಆ ಎರಡು ಪ್ರಶ್ನೆಗಳನ್ನು ನಾನು ಕೇಳಲಿಲ್ಲ. ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಪಕ್ಕದ ಸೀಟು ಊರು ಬರುವವರೆಗೂ ಖಾಲಿಯಿತ್ತು. ನಿಂತಿದ್ದವರು ಅನೇಕರಿದ್ದರು, ಯಾರೂ ಕೂರಲಿಲ್ಲ.

ಆ ಪುಟಗಳನ್ನು ಮೊದಲು ಜಗಲಿಯ ಮೇಲೆ ಕುಳಿತು ನಾನೊಬ್ಬನೇ ಓದಿದೆ. ಈಗ ನಿನಗೆ ಹೇಳುತ್ತೇನೆ, ಕೇಳು. ಮೂಡಣ, ಬಡಗಣ ಇಬ್ಬರೂ ತೆಗೆಯೋಣ ಎನ್ನುತ್ತಾರೆ. ಪಡುವಣ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಬೇಡವೆನ್ನುತ್ತಾನೆ. ಅವನ ವಾದ ಹೆಚ್ಚುಕಡಿಮೆ ನನ್ನದೇ. ಹೊರಗಿನ ದನಿ ಮತ್ತೆ ಮತ್ತೆ ಕೇಳಿಕೊಳ್ಳುತ್ತದೆ. ಆಮೇಲೆ ಅದು ಕೇಳಿಕೊಳ್ಳುವುದನ್ನು ನಿಲ್ಲಿಸುತ್ತದೆ. ಆ ಮೌನವನ್ನು ತಡೆಯಲಾರದೆ ಪಡುವಣನೇ ಚಿಲಕ ತೆಗೆಯುತ್ತಾನೆ. ಅಂಗಳದಲ್ಲಿ ಯಾರೂ ಇಲ್ಲ. "ನಾನು ಹೇಳಲಿಲ್ಲವೇ?" ಎಂದು ಅವನು ಹಿಂದಿರುಗುತ್ತಾನೆ. ಕೊನೆಯ ಚಿತ್ರದಲ್ಲಿ ಮಾತಿಲ್ಲ. ತೆರೆದ ಬಾಗಿಲಿನಿಂದ ಬಿಸಿಲು ಒಳಗೆ ಬಿದ್ದಿದೆ. ಕೋಣೆಯಲ್ಲಿ ಮೂವರಿದ್ದಾರೆ. ನೆಲದ ಮೇಲೆ ನೆರಳು ನಾಲ್ಕು.

ಮರುದಿನ ಮಧ್ಯಾಹ್ನ ಮೇಲಿನಿಂದ ಸದ್ದು ಬರಲಿಲ್ಲ. ನಾನು ಕಾದೆ. ಬಿಸಿಲು ಗಾಜಿನ ಹೆಂಚಿಗೆ ಬಂದಿರಬೇಕು, ಆದರೂ ಇಲ್ಲ. ನಿನ್ನ ಅವ್ವ ಏನೂ ಹೇಳದೆ ಏಣಿ ತಂದು ಒರಗಿಸಿ, ಬುಡ ಹಿಡಿದು ನಿಂತಳು. ಚಿಲಕ ತುಕ್ಕು ಹಿಡಿದಿತ್ತು. ಎರಡು ಸಲ ಕುಟ್ಟಿ ತೆಗೆದೆ. ಮೇಲೆ ಯಾರೂ ಇರಲಿಲ್ಲ. ಕಾಯಿಗಳು ನೀನು ಜೋಡಿಸಿದ ಹಾಗೆಯೇ ಇದ್ದವು, ಎಲ್ಲದರ ಮೇಲೂ ಧೂಳು. ನಿನ್ನ ಜಾಗದ ಸುತ್ತ ಕೈಗೆಟಕುವಷ್ಟು ದೂರದಲ್ಲಿದ್ದವುಗಳ ಮೇಲೆ ಮಾತ್ರ ಧೂಳು ಇರಲಿಲ್ಲ.

ಅಲ್ಲಿ ಕುಳಿತೆ. ಬಿಸಿಲಿನ ಕಂಬದಲ್ಲಿ ಪುಟ ಹಿಡಿದು, ಕೆಳಗಿನವಳಿಗೆ ಕೇಳುವಂತೆ ಓದತೊಡಗಿದೆ. ಮೂಡಣನಿಗೆ ಎಳೆಯ ದನಿ, ಬಡಗಣನಿಗೆ ಮೆಲುದನಿ, ಪಡುವಣನಿಗೆ ನನ್ನದೇ. ತೆಂಕಣಳ ಮಾತನ್ನು ಮಾತ್ರ ನಾನು ದನಿಯೆತ್ತಿ ಓದಲಿಲ್ಲ. ಪಂದ್ಯದಲ್ಲಿ ಅದೇ ಮುಖ್ಯವೆಂದು ನೀನು ಹೇಳಿದ್ದೆ. ಆದರೂ ಅವಳ ಗುಳ್ಳೆ ಬಂದಲ್ಲೆಲ್ಲ ಬೆರಳಿಟ್ಟು, ಅಷ್ಟು ಹೊತ್ತು ಸುಮ್ಮನಿದ್ದು, ಮುಂದಿನದಕ್ಕೆ ಹೋದೆ.

ಇಳಿದು ಬಂದಾಗ ನಿನ್ನ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಆದರೆ ಮುಖದಲ್ಲಿ ನಗುವಿತ್ತು. ಎಷ್ಟೋ ತಿಂಗಳ ಮೇಲೆ ಕಂಡ ನಗು.

"ಮಿಕ್ಕೋರ್ದೆಲ್ಲ ನಿಮ್ಮ ಭಾಷಣದ ದನೀಲೇ ಇತ್ತು ಬುಡಿ," ಎಂದಳು. "ತೆಂಕಣಂದು ಮಾತ್ರ ಚೆನ್ನಾಗಿ ಓದಿದ್ರಿ. ಅವಳು ಓದ್ದಂಗೇ ಇತ್ತು."

ನಾನು, ಗಿರಿಜಾ, ಚೊಂಬೆತ್ತಿ ನೀರು ಕುಡಿದೆ. ಕಾಯಿ ಇಳಿಸಲು ಆಳುಗಳಿಗೆ ಹೇಳಿ ಕಳಿಸಿದ್ದೇನೆ. ಹಲಗೆಬಾಗಿಲಿನ ಚಿಲಕವನ್ನು ಮೊಳೆ ಸಮೇತ ಕಿತ್ತು ತೆಗೆದಿದ್ದೇನೆ. ಹೊಸ ಕಾಯಿ ಏರಿಸುವಾಗಲೂ ಗಾಜಿನ ಹೆಂಚಿನ ಕೆಳಗೆ ಒಬ್ಬರು ಕೂರುವಷ್ಟು ಜಾಗವನ್ನು ಬಿಡಿಸುತ್ತೇನೆ.

ತೀರ್ಪು ನಿನ್ನ ಪಕ್ಷಕ್ಕೆ.

ನಿನ್ನ ಅಪ್ಪಾಜಿ