ಅಲ್ಲಾಡುವ ಟೇಬಲ್ಲು

ಅಪ್ಪಾಜಿ,

ಹೇಗಿದ್ದೀರಿ ಎಂದು ಕೇಳೋಣವೆಂದರೆ ಬಾಯಿ ಬರುತ್ತಿಲ್ಲ. ನೇರ ವಿಷಯಕ್ಕೆ ಬರುತ್ತೇನೆ: ನಿಮ್ಮ ದೋಣಿಯ ಟೇಬಲ್ಲು ನನ್ನ ಜೀವ ತಿಂದುಬಿಟ್ಟಿತು.

ನೀವು ಹೋದ ಮೇಲೆ ಹರಿಹರದ ಹೊಳೆಗೆ ನಾನೇ ದೋಣಿ ಇಳಿಸಿದ ಮೊದಲ ದಿನ. ದಾವಣಗೆರೆಯಿಂದ ಬಂದ ಗಂಡಹೆಂಡತಿ ಮಂಡಕ್ಕಿ, ಮಿರ್ಚಿ, ಚಹಾ ಎಲ್ಲವನ್ನೂ ಟೇಬಲ್ಲಿನ ಮೇಲೆ ಹರಡಿಕೊಂಡು ಕೂತಿದ್ದರು. ನಡುಹೊಳೆಯಲ್ಲಿ ಅದು ವಾಲಿತು ನೋಡಿ, ಚಹಾ ಪೂರ್ತಿ ಆ ಅಕ್ಕನ ಸೀರೆಯ ಮೇಲೆ! ದಡದಲ್ಲಿ ನಿಂತಿದ್ದ ಮಾವ, ಅದೇ ಅಮ್ಮನ ತಮ್ಮ, ಅಷ್ಟನ್ನೇ ಹಿಡಿದುಕೊಂಡರು. "ಮಂಜುಳಾ, ಈ ಕುಂಟ ಟೇಬಲ್ ಇಟ್ಕಂಡು ಯಾರನ್ನ ಕೂರಿಸ್ತೀ? ಭಾನುವಾರನೂ ಹಿಂಗಾದ್ರೆ ದೋಣಿ ಮಾರಿಬಿಡಾಣ. ತಗಳ್ಳಾಕೆ ಜನ ಅದಾರೆ." ಮಾರುವುದಾ? ನಿಮ್ಮ ದೋಣಿಯನ್ನಾ? ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ನೀವು ಅದನ್ನು ಹೇಗೆ ಕೂರಿಸುತ್ತಿದ್ದಿರಿ ಎಂದು ಎಷ್ಟು ನೆನೆದರೂ... ಟೇಬಲ್ಲನ್ನು ಎತ್ತಿ, ಅದರ ಒಂಟಿ ಕಾಲನ್ನು ದೋಣಿಯ ತಳಕ್ಕೆ ಬಡಿದ ಹಲಗೆಯ ತೂತಿಗೆ ಇಳಿಸಿ, ಒಮ್ಮೆ ತಿರುಗಿಸುತ್ತಿದ್ದಿರಿ. ನನಗೆ ಕಂಡದ್ದು ಅಷ್ಟೇ. ನಾನೂ ಹಾಗೇ ಮಾಡಿದೆ, ಅಜ್ಜನ ಹಲ್ಲಿನ ಹಾಗೆ ಅಲ್ಲಾಡಿತು. ರಟ್ಟು ಮಡಚಿ ತುರುಕಿದೆ, ನೆನೆದು ಹಿಟ್ಟಾಯಿತು. ಸೈಕಲ್ ಟ್ಯೂಬು ಸುತ್ತಿದೆ, ಕಾಲು ಒಳಗೇ ಹೋಗಲಿಲ್ಲ. ಒಂದು ಮಾತು ಹೇಳಿ ಹೋಗಬಾರದಿತ್ತಾ ನೀವು?

ವಿನೋಬನಗರದ ವೆಲ್ಡಿಂಗ್ ಅಂಗಡಿಗೂ ಹೋಗಿ ಬಂದೆ. "ತಳಕ್ಕೆ ಪ್ಲೇಟ್ ಹಾಕಿ ಬೋಲ್ಟ್ ಬಿಗಿದು ಬಿಡಾಣ್ರಿ ಅಕ್ಕಾ, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ" ಎಂದ ಅಂಗಡಿಯವನು. ಹೂಂ ಎನ್ನುವುದರಲ್ಲಿದ್ದೆ. ಆದರೆ ಟೇಬಲ್ಲು ಕೀಳಲು ಬಾರದಿದ್ದರೆ, ಅಸ್ಥಿ ಬಿಡಲು ಬಂದವರು ಮಡಕೆ ನಡುವೆ ಇಟ್ಟುಕೊಂಡು ಎಲ್ಲಿ ಕೂರಬೇಕು? ಅವರಿಗಾಗಿ ನೀವು ಟೇಬಲ್ಲು ಕಿತ್ತು ದಡದಲ್ಲಿಡುತ್ತಿದ್ದಿರಿ. ನಿಮ್ಮನ್ನು ಹೊಳೆಗೆ ಬಿಡಲು ಹೋದಾಗ ನಾವೂ ಹಾಗೇ... ಬೇಡಪ್ಪ ಎಂದು ಎದ್ದು ಬಂದೆ.

ಶನಿವಾರ ಸಂಜೆ ಅಂಗಳದಲ್ಲಿ ಶತಪಥ ಹಾಕುತ್ತಿದ್ದೆ. ಅಮ್ಮ ಬಾಗಿಲಿಗೆ ಬಂದು ನಿಂತಳು. "ಯಾಕ ಹಂಗೆ ಕಾಲು ಸುಟ್ಟ ಬೆಕ್ಕಿನಂಗೆ ತಿರುಗ್ತೀ? ಅವ್ರು ಅದರ ಕಾಲಿಗೆ ಬಟ್ಟೆ ಸುತ್ತತಿದ್ರಲ್ಲ. ಹತ್ತಿ ಬಟ್ಟೆ. ತಳದಾಗ ನಿಂತ ನೀರು ಕುಡಿದು ಉಬ್ಬಿ, ಅದೇ ಬಿಗಿ ಆಕ್ಕೈತೆ."

"ಇಷ್ಟ್ ದಿನ ಯಾಕ ಹೇಳ್ಲಿಲ್ಲ?"

"ನೀನೆಲ್ಲಿ ಕೇಳ್ದಿ?"

ಓಡಿ ಹೋಗಿ ನನ್ನ ಹಳೆಯ ದುಪಟ್ಟಾ ತಂದೆ. "ಅದು ನೈಲಾನು, ಬ್ಯಾಡ" ಎಂದು ಅವಳೇ ಒಳಗೆ ಹೋದಳು. ಬಂದಾಗ ಕೈಯಲ್ಲಿ ನಿಮ್ಮ ಹೆಗಲ ಟವೆಲ್ಲಿತ್ತು. ನೀವು ಹೋದಾಗಿನಿಂದ, ನಿಮ್ಮ ವಾಸನೆ ಹೋದೀತೆಂದು ಅದನ್ನು ಒಗೆಯಲು ಬಿಡದೆ ದಿಂಬಿನ ಕೆಳಗಿಟ್ಟು ಮಲಗುತ್ತಿದ್ದಳು, ಗೊತ್ತಾ ನಿಮಗೆ? ನಾನು ಬೇಡ ಬೇಡ ಎನ್ನುತ್ತಿದ್ದಂತೆ ಅಂಚನ್ನು ಹಲ್ಲಲ್ಲಿ ಕಚ್ಚಿ ಪರ್ರೆಂದು ಹರಿದೇಬಿಟ್ಟಳು. ಆ ಪಟ್ಟಿಯನ್ನೇ ಕಾಲಿಗೆ ಸುತ್ತಿ ತೂತಿಗೆ ಇಳಿಸಿದೆವು.

ಭಾನುವಾರ ಮಾವ ತಾವೇ ದೋಣಿ ಹತ್ತಿ ಟೇಬಲ್ಲಿನ ಮೇಲೆ ಮೊಳಕೈ ಊರಿ, ಮೈಭಾರವೆಲ್ಲ ಹಾಕಿ ನೋಡಿದರು. ಅದು ಮಿಸುಕಲಿಲ್ಲ. "ಆತು ಬಿಡು, ನೀನೇ ನಡೆಸು" ಎಂದರು. ದೋಣಿ ನಮ್ಮಲ್ಲೇ ಉಳಿಯಿತು ಅಪ್ಪಾಜಿ. ಆದರೂ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಟವೆಲ್ಲು ಹಾಳಾಯಿತಲ್ಲ ಎಂದು ಒಂದೇ ಸಮ ಸಂಕಟ.

ಸಂಜೆ ಟೇಬಲ್ಲು ಕಿತ್ತಾಗ ದಡಕ್ಕೆ ಬಂದಿದ್ದ ಅಮ್ಮ ಆ ಪಟ್ಟಿಯನ್ನು ಬಿಚ್ಚಿ ಹಿಂಡಿದಳು. ಮೂಗಿನ ಹತ್ತಿರ ಹಿಡಿದಳು.

"ಹೊಳೆ ವಾಸ್ನೆ," ಎಂದಳು. ಆಮೇಲೆ ಇನ್ನೊಮ್ಮೆ ಮೂಸಿದಳು. "ಅವ್ರು ಮನೆಗೆ ಬಂದಾಗ ಹಿಂಗೇ ಇರ್ತಿತ್ತು."

ನಿಮ್ಮ
ಮಂಜುಳಾ