ತಾಯಿಕರಡಿಯ ದನಿ

ಅಮ್ಮಾ,

ನೀನು ಸತ್ತಿದ್ದೀಯ, ಓದಲಾರೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ಮಗಳನ್ನು ಆ ಹಳೇ ಕರಡಿ ಕಾರ್ಟೂನ್ ಸಿನಿಮಾದ ಹೊಸ ಭಾಗಕ್ಕೆ ಕರೆದುಕೊಂಡು ಹೋಗಿದ್ದೆವು. ನಾನು ಚಿಕ್ಕವಳಿದ್ದಾಗ ನೀನು ತಾಯಿಕರಡಿಗೆ ಕೊಟ್ಟಿದ್ದ ದನಿಯನ್ನೇ ಇದರಲ್ಲೂ ಹಾಕಿದ್ದಾರೆ. ‘ಹೆದರ್ಬೇಡ ಕಂದಾ, ಅಮ್ಮ ಇದ್ದೀನಿ’ ಎಂದು ನೀನು ಅಂದದ್ದೇ ತಡ, ನನ್ನ ವಯಸ್ಸಿನವರೆಲ್ಲ ಕಣ್ಣೊರೆಸಿಕೊಂಡರು.

ಹೊರಗೆ ಬಂದಾಗ ನಿನ್ನ ಅಳಿಯ ಮೂಗು ಮುರಿದ. ‘ಹೊಸ ಕಥೆ ಇಲ್ಲ, ಹಳೇದನ್ನೇ ತೋರ್ಸಿ ಅಳಿಸ್ತಾರೆ.’

ನನಗೆ ಮೈಯೆಲ್ಲ ಉರಿಯಿತು. ‘ಅಳಿಸ್ಲಿ ಬಿಡು! ಚಿಕ್ಕವರಿದ್ದಾಗ ಸಿಕ್ಕಿದ ಪ್ರೀತಿ ಇನ್ನೊಂದ್ಸಲ ಬೇಕು ಅನ್ನೋದು ತಪ್ಪಾ?’ ಎಂದು ಜಗಳಕ್ಕೇ ನಿಂತೆ.

ಆಗ ಮಗಳು ಕೇಳಿದಳು: ‘ಅಜ್ಜಿ ನಿನ್ನ ಜೊತೆನೂ ಹೀಗೇ ಮಾತಾಡ್ತಿದ್ರಾ?’

ಬೈದರೆ ಗಂಟಲು ಕೆಡುತ್ತದೆಂದು ನೀನು ನನ್ನನ್ನು ಬೈಯುತ್ತಲೂ ಇರಲಿಲ್ಲ. ಬಾಯಿ ಬಿಗಿದುಕೊಂಡು ಹೊಡೆಯುತ್ತಿದ್ದೆ. ಆಮೇಲೆ ಬಿಸಿನೀರು ಕುಡಿದು, ಕತ್ತಿಗೆ ಶಾಲು ಸುತ್ತಿಕೊಂಡು, ಕರಡಿಮರಿಯನ್ನು ಮುದ್ದಾಡಲು ಸ್ಟುಡಿಯೋಗೆ ಹೊರಡುತ್ತಿದ್ದೆ.

‘ಹೂಂ, ಹೀಗೇ ಮಾತಾಡ್ತಿದ್ರು’ ಎಂದೆ.

ನಿನ್ನ ಮಾನ ಉಳಿಸಲು ಸುಳ್ಳು ಹೇಳಿದೆನೆಂದು ಬೀಗಬೇಡ. ನಾಳೆ ನಾನೊಬ್ಬಳೇ ಮತ್ತೆ ಹೋಗುತ್ತಿದ್ದೇನೆ. ನಿನ್ನ ಬಾಯಿಂದ ‘ಕಂದಾ’ ಎಂದು ಕೇಳಬೇಕಾದರೆ ಹೆತ್ತ ಮಗಳೂ ಟಿಕೆಟ್ ತೆಗೆದುಕೊಳ್ಳಲೇಬೇಕು, ನೋಡು.